ಮೂವತ್ತೆಂಟು ಸೆಕೆಂಡಿನ ಗಂಗಾಂಬಿಕಾ

ಗಂಗಾಂಬಿಕಾ ಸ್ಟೇರಿಂಗು ಹಿಡಿದದ್ದು ಮೂವತ್ತಾರು ತುಂಬಿದ ಮೇಲೆ. ಅಲ್ಲಿಯವರೆಗೆ ಅವಳ ಕೈ ಕಂಡದ್ದು ಕುಡುಗೋಲು, ಮೊರ, ಶಾಲೆಯ ಬಿಸಿಯೂಟದ ಸೌಟು. ಶಿರಾ ತಾಲ್ಲೂಕು ತಾವರೆಕೆರೆ ಹೋಬಳಿಯ ಅವರ ಪಂಚಾಯಿತಿಗೆ ಕಸ ಒಯ್ಯುವ ಹೊಸ ಗಾಡಿ ಬಂದಾಗ, ಓಡಿಸುವುದನ್ನು ಯಾರು ಕಲಿಯುತ್ತೀರಿ ಎಂದು ಹೆಂಗಸರ ಸಂಘದ ಸಭೆಯಲ್ಲಿ ಕೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಗಂಗಾಂಬಿಕಾ ನಗಲಿಲ್ಲ, ಕೈ ಎತ್ತಿದಳು. ಎತ್ತಿದ ಮೇಲೆ ಹೆದರಿದಳು.

ಅವಳ ಸ್ವಭಾವವೇ ಹಾಗೆ. ಮೊದಲು ಮಾಡಿಬಿಡುವುದು, ಆಮೇಲೆ ಹೆದರುವುದು. ಪಾವಗಡ ತಾಲ್ಲೂಕಿನ ರಾಯಚರ್ಲಿನಿಂದ ಅರ್ಧ ತೆಲುಗು, ಅರ್ಧ ಕನ್ನಡದ ಮಾತು ಹೊತ್ತು ಸೊಸೆಯಾಗಿ ಬಂದವಳು, ಬಾಯಿ ಬಿಟ್ಟರೆ ನಗುತ್ತಾರೆಂದು ಗೊತ್ತಿದ್ದರೂ ಅತ್ತೆಯ ಮನೆಯಲ್ಲಿ ಮೊದಲ ದಿನವೇ ಗಟ್ಟಿಯಾಗಿ ಮಾತಾಡಿದ್ದಳು. ತುಮಕೂರಿನಲ್ಲಿ ಒಂದು ತಿಂಗಳು ಗಾಡಿ ಕಲಿತಳು. ಮೊದಲ ವಾರ ಕ್ಲಚ್ಚು ಬಿಟ್ಟರೆ ಗಾಡಿ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ನಾಲ್ಕನೆಯ ವಾರಕ್ಕೆ ಹಿಂದಕ್ಕೆ ತೆಗೆದು ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸುವಷ್ಟು ಪಳಗಿದಳು. ಊರಿಗೆ ಬಂದು ಖಾಕಿ ಕೋಟು ತೊಟ್ಟು ಗಾಡಿ ಓಡಿಸಿದ ಮೊದಲ ದಿನ ಹಟ್ಟಿಯ ಮುದುಕಿಯರು ಹೊರಗೆ ಬಂದು ನೋಡಿದರು. ಗಂಡ ನರಸಿಂಹರಾಜು ಎಣ್ಣೆ ಮಿಲ್ಲಿನ ಗೇಟಿನಲ್ಲಿ ನಿಂತು, ಜೊತೆಯ ಹಮಾಲರಿಗೆ, "ನಮ್ಮನೇವ್ಳು ಕಣ್ರಲಾ" ಎಂದು ತೋರಿಸಿದ್ದನಂತೆ. ಹೀಗೆ ಎರಡು ವರ್ಷ ಕಳೆಯಿತು. ಗಾಡಿಯ ಬಾಗಿಲಿನ ಮೇಲೆ ಅವಳ ಹೆಸರನ್ನೂ, ಕಸ ಬಿಟ್ಟುಹೋದರೆ ಕರೆಯಲಿ ಎಂದು ಅವಳ ಫೋನ್ ನಂಬರನ್ನೂ ಬರೆಸಿದ್ದರು. ಬಣ್ಣದಲ್ಲಿ ತನ್ನ ಹೆಸರು ನೋಡುವುದು ಅವಳಿಗೆ ಖುಷಿಯ ಸಂಗತಿಯಾಗಿತ್ತು.

ಆ ಗುರುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಸ್‌ಸ್ಟಾಪಿನ ಬಳಿ ಗಾಡಿಯನ್ನು ಎಡಕ್ಕೆ ನಿಲ್ಲಿಸಿ ಕೂತಿದ್ದಳು. ಬಿಸಿಲು ಆಗಲೇ ಏರಿತ್ತು, ಕೋಟು ಬಿಚ್ಚಿ ಸೀಟಿನ ಮೇಲೆ ಹಾಕಿದ್ದಳು. ಕಸ ತುಂಬಿಸಲು ಜೊತೆಗೆ ಬರುವ ಆಶಾರಾಣಿ ಹಿಂದೆ ಬಕೆಟ್ಟು ಸುರಿಯುತ್ತಿದ್ದಳು. ಆಶಾರಾಣಿಗೆ ಮದುವೆಯಾಗಿ ಇನ್ನೂ ಎಂಟು ತಿಂಗಳು. ಟ್ರಾಕ್ಟರು ಬಾಡಿಗೆಗೆ ಬಿಡುವ ಲಕ್ಷ್ಮೀಪತಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಬೈಕಿನಲ್ಲಿ ಬಂದವನು ನಿಂತ ಗಾಡಿಯ ಹಿಂಬದಿಗೇ ಗುದ್ದಿ ಬಿದ್ದ. ಎದ್ದವನು ತನ್ನ ಬೈಕನ್ನು ನೋಡಲಿಲ್ಲ, ಆಶಾರಾಣಿಯನ್ನು ನೋಡಿದ.

"ಕಸ ಎತ್ತೋಳು ನೀನು, ದಾರಿಗೆ ಅಡ್ಡ ನಿಂತ್ಕತೀಯೇನೇ?" ಎಂದವನೇ ಅವಳ ರಟ್ಟೆ ಹಿಡಿದು ಎಳೆದ. ರವಿಕೆಯ ತೋಳು ಪರ್ರನೆ ಹರಿಯಿತು. ಅವನು ಕೈ ಬಿಡಲಿಲ್ಲ. ಚಹಾದಂಗಡಿಯ ಮುಂದಿದ್ದ ಹತ್ತು ಹನ್ನೆರಡು ಗಂಡಸರು ಚಹಾದ ಲೋಟ ಹಿಡಿದು ನಿಂತಲ್ಲೇ ನಿಂತಿದ್ದರು.

ಗಂಗಾಂಬಿಕಾ ಇಳಿದಳು. ಗಾಡಿಯ ಪಕ್ಕಕ್ಕೆ ಸಿಕ್ಕಿಸಿದ್ದ ಉದ್ದ ಹಿಡಿಯ ಪೊರಕೆ ಕೈಗೆ ಬಂತು. "ಕೈ ಬುಡ್ಲಾ! ಬುಡ್ಲಾ ಅಂದೆ!" ಎಂದು ಕೂಗಿದಳು. ಆ ಕೂಗು ತನ್ನ ಗಂಟಲಿನದೇ ಎಂದು ಅವಳಿಗೆ ಅನ್ನಿಸಲಿಲ್ಲ. ಎರಡು ಸಲ ಹೇಳಿದಳು. ಮೂರನೆಯ ಸಲ ಪೊರಕೆಯ ಹಿಡಿಯಿಂದ ಅವನ ಮಣಿಕಟ್ಟಿಗೆ ಒಂದೇಟು ಹಾಕಿದಳು. ಅವನು ಬಿಟ್ಟ. ಆಗ ಚಹಾದವರು ಓಡಿಬಂದು ಬಿಡಿಸುವವರಂತೆ ನಡುವೆ ನಿಂತರು.

ಆಶಾರಾಣಿ ಹರಿದ ತೋಳಿಗೆ ಪಿನ್ನು ಚುಚ್ಚಿಕೊಂಡು ಉಳಿದ ಬೀದಿಗಳ ಕಸ ತುಂಬಿಸಿದಳು. ಕೊನೆಯಲ್ಲಿ ಇಷ್ಟೇ ಹೇಳಿದಳು: "ಅಕ್ಕಾ, ನಮ್ಮನೇಲಿ ಯಾರ್ಗೂ ಹೇಳ್ಬ್ಯಾಡ."

"ಇಲ್ಲ ಕಣೇ, ಯಾಕೆ ಹೇಳ್ಲಿ."

ಇಬ್ಬರಿಗೂ ಅದು ಅಲ್ಲಿಗೆ ಮುಗಿಯಿತು ಅನ್ನಿಸಿತ್ತು.

ಶುಕ್ರವಾರ ಬೆಳಿಗ್ಗೆ ಗಾಡಿ ಮೊದಲ ಬೀದಿಗೆ ತಿರುಗಿದಾಗ ಜಗಲಿಯ ಮೇಲಿದ್ದ ಇಬ್ಬರು ಮಾತು ನಿಲ್ಲಿಸಿದರು. ಎರಡನೆಯ ಬೀದಿಯಲ್ಲಿ ಮಕ್ಕಳು ಸೆಗಣಿ ಬಾಚುವ ಕಡ್ಡಿಪೊರಕೆ ಎತ್ತಿ, "ಬುಡ್ಲಾ! ಬುಡ್ಲಾ!" ಎಂದು ಕುಣಿದವು. ದಿನಾ ನಿಂತು ಮಾತಾಡಿಸುತ್ತಿದ್ದ ಹೆಂಗಸೊಬ್ಬಳು ಬಕೆಟ್ಟನ್ನು ಹೊಸ್ತಿಲಲ್ಲಿಟ್ಟು ಒಳಗೆ ಹೋದಳು. ಗಂಗಾಂಬಿಕಾಗೆ ತಲೆಬುಡ ತಿಳಿಯಲಿಲ್ಲ. ಸೀರೆ ಹರಿದಿದೆಯೇನೋ, ಮುಖಕ್ಕೆ ಮಸಿ ಹತ್ತಿದೆಯೇನೋ ಎಂದು ಕನ್ನಡಿಯಲ್ಲಿ ನೋಡಿಕೊಂಡಳು. ಊರಿಗೆಲ್ಲ ಗೊತ್ತಿರುವುದೇನೋ ಒಂದು ತನಗೆ ಮಾತ್ರ ಗೊತ್ತಿಲ್ಲ ಎಂಬುದು ಹೊಳೆಯಿತು.

ಹತ್ತು ಗಂಟೆಗೆ ಫೋನು ಬಂತು. ಗುರುತಿಲ್ಲದ ಗಂಡಸಿನ ದನಿ. "ಪೊರಕೆ ಆಂಟೀನಾ?" ಎಂದು ಕೇಳಿದ, ಹಿಂದೆ ನಾಲ್ಕು ಜನ ನಕ್ಕರು, ಫೋನು ಇಟ್ಟುಬಿಟ್ಟ. ಆಮೇಲೆ ಇನ್ನೊಂದು. ಮಧ್ಯಾಹ್ನದೊಳಗೆ ಹದಿನಾಲ್ಕು. ಒಬ್ಬ ಮಂಡ್ಯದ ಕಡೆಯವನಂತೆ, ಒಬ್ಬ ಹುಬ್ಬಳ್ಳಿಯವನಂತೆ ಮಾತಾಡಿದ. ಒಬ್ಬ ಹೇಳಿದ ಮಾತನ್ನು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ. ರಾಯಚರ್ಲಿನಿಂದ ಅವ್ವನ ಕರೆಯೂ ಬಂತು. "ಏಮೇ ಗಂಗಾ, ನೀ ಬೊಮ್ಮ ಫೋನ್‌ಲೋ ವಚ್ಚಿಂದಂಟ?" ನಿನ್ನ ಚಿತ್ರ ಫೋನಿನಲ್ಲಿ ಬಂದಿದೆಯಂತಲ್ಲೇ ಎಂದು ಅವ್ವ ಕೇಳುತ್ತಿದ್ದಳು. ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ಲು ತೊಳೆಯುವ ಹೆಂಗಸರೆಲ್ಲ ಊಟದ ಹೊತ್ತಿನಲ್ಲಿ ನೋಡಿದರಂತೆ. ಅವ್ವನಿಗೆ ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಿರಲಿಲ್ಲ.

ಗಂಗಾಂಬಿಕಾಳದು ಬಟನ್ ಫೋನು. ಸಂಜೆ ಮಗಳು ಸಹನಾ ಶಿರಾದ ಕಾಲೇಜಿನಿಂದ ಬರುವವರೆಗೆ ಕಾದಳು. ಸಹನಾ ದ್ವಿತೀಯ ಪಿಯುಸಿ. ಒಳಗೆ ಬಂದವಳು ಬ್ಯಾಗು ಕೂಡ ಇಳಿಸಲಿಲ್ಲ. ಅತ್ತಿದ್ದ ಕಣ್ಣು.

"ತೋರ್ಸು," ಎಂದಳು ತಾಯಿ.

"ಬ್ಯಾಡಮ್ಮ."

"ಊರೆಲ್ಲ ನೋಡೈತೆ. ನಾನು ನೋಡ್ಬಾರ್ದಾ?"

ಶಿರಾ ಕಡೆಯ ಸುದ್ದಿ ಹಾಕುವ ಪ್ರಭುದೇವ್ ಎಂಬವನ ಚಾನಲ್ಲು ಅದು. ಒಂದು ಮೈಕು, ಒಂದು ಫೋನು, ಇಷ್ಟೇ ಅವನ ಆಫೀಸು. ಗುರುವಾರ ಅವನು ಚಹಾದಂಗಡಿಯಲ್ಲೇ ಇದ್ದ. ವಿಡಿಯೋ ಮೂವತ್ತೆಂಟು ಸೆಕೆಂಡು. ಶುರುವಾಗುವುದೇ ಗಂಗಾಂಬಿಕಾ ಪೊರಕೆ ಎತ್ತುವಲ್ಲಿಂದ. ಹಿಂದೆ ಸಿನಿಮಾದಲ್ಲಿ ವಿಲನ್ನು ಬರುವಾಗ ಹಾಕುವಂಥ ಢಂ ಢಂ ಸಂಗೀತ. ಏಟು ಬೀಳುವಾಗ ಚಿತ್ರ ನಿಧಾನವಾಗಿ, ಅದೇ ಏಟು ಮೂರು ಸಲ ತಿರುಗಿ ತಿರುಗಿ ಬೀಳುತ್ತಿತ್ತು. ಮೇಲೆ ದಪ್ಪ ಅಕ್ಷರ: "ಕಸದ ಗಾಡಿ ಲೇಡಿಯ ರೌಡಿಸಂ! ಅಮಾಯಕ ಯುವಕನ ಮೇಲೆ ಹಲ್ಲೆ!" ಕೈ ಎತ್ತಿದಾಗ ಸೀರೆ ಸರಿದು ಸೊಂಟ ಕಂಡ ಗಳಿಗೆಯಲ್ಲಿ ಚಿತ್ರವನ್ನು ನಿಲ್ಲಿಸಿ, ಅಲ್ಲಿಗೆ ಕೆಂಪು ಬಾಣ ಹಾಕಿದ್ದರು. ವಿಡಿಯೋದ ಮುಖಪುಟವೂ ಅದೇ. ಹಿಂದೆ ಗಾಡಿಯ ಬಾಗಿಲ ಮೇಲಿನ ಹೆಸರು, ನಂಬರು ಸ್ಪಷ್ಟವಾಗಿ ಕಾಣುತ್ತಿದ್ದವು. ಆಶಾರಾಣಿ ಎಲ್ಲಿಯೂ ಇರಲಿಲ್ಲ. ಅವಳ ರಟ್ಟೆ ಹಿಡಿದ ಕೈಯೂ ಇರಲಿಲ್ಲ.

"ಎಷ್ಟು ಜನ ನೋಡವ್ರೆ?"

"ನಾಕು ಲಕ್ಷ."

ಕೆಳಗೆ ಜನ ಬರೆದದ್ದನ್ನು ಓದು ಎಂದಳು. ಸಹನಾ ಕೆಲವನ್ನು ಓದಿದಳು, ಕೆಲವನ್ನು ನುಂಗಿದಳು. "ಇಂಥೋಳಿಗೆ ಒಬ್ಬ ಗಂಡಸು ಎರಡು ಬಿಟ್ಟರೆ ಸರಿಹೋಗ್ತಾಳೆ." "ಗಂಡ ಬಳೆ ತೊಟ್ಕೊಂಡವ್ನಾ?" "ಹೆಣ್ಣಿನ ಕೈಗೆ ಸ್ಟೇರಿಂಗ್ ಕೊಟ್ಟರೆ ಹಿಂಗೇ."

ಮೊದಲನೆಯದನ್ನು ಗಂಗಾಂಬಿಕಾ ಇನ್ನೊಮ್ಮೆ ಓದಿಸಿದಳು. ಆ ಮಾತನ್ನು ಅವಳು ಎಲ್ಲೋ ಕೇಳಿದ್ದಳು. ರಾಯಚರ್ಲಿನ ಬಯಲಿನಲ್ಲಿ ಬಿಳಿ ಪರದೆ ಕಟ್ಟಿ ಸಿನಿಮಾ ಹಾಕುತ್ತಿದ್ದ ಕಾಲ. ಸೊಕ್ಕಿನ ಹುಡುಗಿಯೊಬ್ಬಳು ಜೀಪು ಓಡಿಸಿಕೊಂಡು ಬರುತ್ತಾಳೆ, ಗಂಡಸರಿಗೆ ಎದುರು ಮಾತಾಡುತ್ತಾಳೆ. ಕೊನೆಗೆ ನಾಯಕ ಅವಳ ಕೆನ್ನೆಗೆ ಬಾರಿಸುತ್ತಾನೆ. ಮುಂದಿನ ಹಾಡಿನಲ್ಲಿ ಅವಳು ತಲೆ ಬಗ್ಗಿಸಿ ಹೂ ಮುಡಿದುಕೊಂಡು ಬರುತ್ತಾಳೆ. ಆ ಏಟಿಗೆ ಬಯಲೆಲ್ಲ ಶಿಳ್ಳೆ. ಅವ್ವನ ತೊಡೆಯ ಮೇಲೆ ಕೂತಿದ್ದ ಗಂಗಾಂಬಿಕಾಳೂ ಚಪ್ಪಾಳೆ ತಟ್ಟಿದ್ದಳು. ಕೈ ನೋಯುವಷ್ಟು ತಟ್ಟಿದ್ದಳು. ಈಗ ನಾಲ್ಕು ಲಕ್ಷ ಜನ ಅದೇ ಬಯಲಿನಲ್ಲಿ ಕೂತು, ಅವಳಿಗೆ ಬೀಳಬೇಕಾದ ಏಟಿಗಾಗಿ ಕಾಯುತ್ತಿದ್ದಾರೆ ಅನ್ನಿಸಿತು.

ಶನಿವಾರ ಮಧ್ಯಾಹ್ನ ಬಂದ ಕರೆಯಲ್ಲಿ ಬೈಗುಳ ಇರಲಿಲ್ಲ. ವಯಸ್ಸಾದವನ ಮೆತ್ತಗಿನ, ಮರ್ಯಾದೆಯ ದನಿ.

"ಊಟ ಆಯ್ತಾಮ್ಮ?"

"ಆಯ್ತು. ಯಾರು?"

"ನಿಮ್ಮ ಮಗಳ ಹೆಸರು ಸಹನಾ ಅಲ್ವಾ? ಬೆಳಿಗ್ಗೆ ಶಿರಾ ಬಸ್ಸು ಎಷ್ಟೊತ್ತಿಗೆ ಹತ್ತುತಾಳಮ್ಮ?"

ಅವನ ಉಸಿರು ಕೇಳುತ್ತಿತ್ತು. ಆಮೇಲೆ ಅವನೇ ಇಟ್ಟ.

ನರಸಿಂಹರಾಜು ಮಿಲ್ಲಿನಿಂದ ಬಂದಾಗ ಅವಳು ಹಗಲಿನಲ್ಲೇ ಕಿಟಕಿ ಮುಚ್ಚಿ, ಬಾಗಿಲಿಗೆ ಅಗಳಿ ಹಾಕಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಅವನು ಕೂಗಾಡುವವನಲ್ಲ. ಹೆಂಡತಿಯ ಮುಖ ನೋಡಿ ಅವನಿಗೂ ದಿಗಿಲಾಯಿತು.

"ಬುಟ್ಬುಡು ಗಂಗಾ. ಗಾಡಿ ಕೀ ಪಂಚಾಯ್ತಿಗೆ ಕೊಟ್ಬುಡು. ಮಿಲ್ಲಲ್ಲೂ ಅದೇ ಮಾತು. ನಾನೇನೋ ಸೈಸ್ಕಂತೀನಿ, ಮಗಳು ಅವ್ಳಲ್ಲ ಮನೇಲಿ."

"ನಾನೇನು ತಪ್ಪು ಮಾಡ್ದೆ?"

"ತಪ್ಪು ಮಾಡಿದ್ದೀಯ ಅಂತ ನಾನೆಲ್ಲಿ ಅಂದೆ? ಹೆದ್ರಿಕೆ ಆಯ್ತದೆ ಅಂದೆ ಅಷ್ಟೇ."

ಪಂಚಾಯಿತಿಯವರೂ ಒಂದು ವಾರ ರಜೆ ತಗೊಳ್ಳಮ್ಮ, ತಣ್ಣಗಾಗಲಿ ಎಂದರು. ಗಾಡಿ ಶೆಡ್ಡಿನಲ್ಲಿ ನಿಂತಿತು. ಸಹನಾ ಸೋಮವಾರ ಕಾಲೇಜಿಗೆ ಹೋಗಲಿಲ್ಲ. ವಿಡಿಯೋದಲ್ಲಿದ್ದ ಹಸಿರು ಸೀರೆಯನ್ನು ಗಂಗಾಂಬಿಕಾ ಸುತ್ತಿ ಟ್ರಂಕಿನ ತಳಕ್ಕೆ ತುರುಕಿದಳು. ಬೈಕಿನ ಸದ್ದು ಕೇಳಿದರೆ ಎದ್ದು ಹೋಗಿ ಅಗಳಿ ಮುಟ್ಟಿ ನೋಡುತ್ತಿದ್ದಳು. ಪಕ್ಕದ ಮನೆಯ ಹೆಂಗಸು ಯಾರಿಗೋ ಕರೆ ಮಾಡಲು ಫೋನು ಎತ್ತಿದರೂ ಇವಳು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಬಚ್ಚಲಿಗೆ ಹೋದಾಗ ಗೋಡೆಯ ಬಿರುಕಿಗೆ ಬಟ್ಟೆ ತುಂಬುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಬಾಗಿಲು ತಟ್ಟಿದ್ದು ಪ್ರಭುದೇವ್. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮೈಕು, ಹಣೆಯಲ್ಲಿ ವಿಭೂತಿ. ಬಾಗಿಲು ತೆಗೆದ ತಕ್ಷಣ ಕೈ ಮುಗಿದ.

"ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಡೆ ಏನಿದೆ ಹೇಳಿ, ಅದನ್ನೂ ಹಾಕ್ತೀನಿ. ಎರಡೂ ಕಡೆ ತೋರಿಸೋದೇ ನಮ್ಮ ಧರ್ಮ." ಒಳಗೆ ಇಣುಕಿ, ಗೋಡೆಯ ಮೇಲಿದ್ದ ಬುದ್ಧನ ಪಟ, ಮೂಲೆಯಲ್ಲಿದ್ದ ಒಲೆ ಎಲ್ಲ ನೋಡಿದ. "ಇಲ್ಲೇ ಒಲೆ ಮುಂದೆ ಕೂತ್ಕೊಳ್ಳಿ. ಮಗಳೂ ಪಕ್ಕದಲ್ಲಿರಲಿ. ಕಷ್ಟ ಎಲ್ಲ ಹೇಳ್ಕೊಳ್ಳಿ ಅಕ್ಕ. ಅಳು ಬಂದ್ರೆ ತಡೀಬೇಡಿ. ಜನ ಕರಗಿಹೋಗ್ತಾರೆ, ನೋಡ್ತಿರಿ."

ಗಂಗಾಂಬಿಕಾ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ನೀವು ಮೊದ್ಲಿಂದ್ಲೂ ಹಿಡ್ದಿರ್ಬೇಕಲ್ಲ, ಅದು ಐತಾ?"

"ಐತೆ. ಯಾಕೆ?"

"ತೋರ್ಸಿ."

ಅವನು ಹಿಂದೆಮುಂದೆ ನೋಡಿ ಕೊನೆಗೆ ತೋರಿಸಿದ. ಐದು ನಿಮಿಷದ ವಿಡಿಯೋ. ಬೈಕು ಗುದ್ದಿದ್ದು, ಲಕ್ಷ್ಮೀಪತಿ ರಟ್ಟೆಗೆ ಕೈ ಹಾಕಿದ್ದು, ತೋಳು ಹರಿದದ್ದು, ಆಶಾರಾಣಿಯ ಬಾಯಿ ತೆರೆದದ್ದು, ದನಿ ಹೊರಡದೆ ಹೋದದ್ದು, ಎಲ್ಲ ಇತ್ತು.

"ಇದ್ನ ಯಾಕೆ ಹಾಕ್ಲಿಲ್ಲ?"

ಪ್ರಭುದೇವ್‌ಗೆ ನಿಜಕ್ಕೂ ಆಶ್ಚರ್ಯವಾಯಿತು. "ಅದ್ರಲ್ಲೇನಿದೆ ಅಕ್ಕ? ಗಂಡಸು ಹೆಂಗಸಿನ ಮೇಲೆ ಕೈ ಮಾಡೋದು ದಿನಾ ನಡಿಯೋದೇ. ಯಾರು ನೋಡ್ತಾರೆ? ಹೆಂಗಸು ಕೈ ಎತ್ತಿದ್ರೆ ಅದು ನ್ಯೂಸು."

ಅವನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಮಳೆ ಬಂದರೆ ನೆಲ ನೆನೆಯುತ್ತದೆ ಎಂಬಷ್ಟು ಸಹಜವಾಗಿ ಹೇಳಿದ್ದ. ಗಂಗಾಂಬಿಕಾಗೆ ಬೈಗುಳಗಳಿಗಿಂತ ಅದೇ ಹೆಚ್ಚು ಭಯ ಹುಟ್ಟಿಸಿತು. ಅವನ ಚೀಲದಲ್ಲಿ ಹೆಣ್ಣಿಗೆ ಎರಡೇ ವೇಷ ಇದ್ದವು. ಒಂದು ಪೊರಕೆ ಹಿಡಿದ ರೌಡಿಯದು, ಅದನ್ನು ಆಗಲೇ ತೊಡಿಸಿಯಾಗಿತ್ತು. ಇನ್ನೊಂದು ಒಲೆಯ ಮುಂದೆ ಅಳುವವಳದು, ಅದನ್ನು ತೊಡಿಸಲು ಈಗ ಬಾಗಿಲಿಗೆ ಬಂದಿದ್ದ.

"ನಾನು ಅಳಾಕಿಲ್ಲ," ಎಂದಳು. ಬಾಗಿಲು ಹಾಕಿಕೊಂಡಳು. ಅವನು ಮೆಟ್ಟಿಲಿಳಿದು ಹೋಗುವ ಸದ್ದು ಕೇಳುವವರೆಗೂ ಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ದಳು.

"ಅಮ್ಮ, ಪೂರ್ತಿ ವಿಡಿಯೋ ಬಂದ್ರೆ ಸಾಕು, ಎಲ್ಲಾರ ಬಾಯೂ ಮುಚ್ತದೆ," ಎಂದಳು ಸಹನಾ. "ಸ್ಟೇಷನ್ನಿಗೆ ಹೋಗಣ. ಅವನತ್ರ ಹಾಕ್ಸಣ."

ಮುಳುಗುತ್ತಿದ್ದ ಗಂಗಾಂಬಿಕಾಗೆ ಹಗ್ಗ ಸಿಕ್ಕಂತಾಯಿತು. ಅಂದು ಸಂಜೆಯೇ ಆಶಾರಾಣಿಯನ್ನು ಹುಡುಕಿಕೊಂಡು ಹೋದಳು. ಆಶಾರಾಣಿ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದಳು. ವಿಷಯ ಕೇಳಿದವಳು ಬೂದಿ ಕೈಯಲ್ಲೇ ಎದ್ದು ನಿಂತಳು.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಅದು ಬರ್ಬಾರ್ದು. ನಮ್ಮನೆಯವ್ರಿಗೆ ತೋಳು ತಂತಿಗೆ ಸಿಕ್ಕಿ ಹರೀತು ಅಂದಿದ್ದೀನಿ. ಅವನು ಹಿಡ್ಕಂಡಿದ್ದು ಅದ್ರಲ್ಲಿ ಕಾಣ್ತದಲ್ಲ? ನಿನ್ನ ಸೊಂಟಕ್ಕೆ ಬಾಣ ಹಾಕ್ದೋರು ನನ್ನ ತೋಳಿಗೆ ಹಾಕಾಕಿಲ್ವಾ?"

ಗಂಗಾಂಬಿಕಾಗೆ ಮನೆಗೆ ಬರುವ ದಾರಿಯಲ್ಲಿ ಒಮ್ಮೆ ಸಿಟ್ಟು ಬಂತು. ಇವಳಿಗಾಗಿ ಇಳಿದೆ, ಇವಳಿಗಾಗಿ ಹೊಡೆದೆ, ಈಗ ಇವಳೇ ಬೇಡ ಅನ್ನುತ್ತಾಳಲ್ಲ. ಮನೆ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದುಹೋಗಿತ್ತು. ಇಪ್ಪತ್ತೆರಡು ವರ್ಷದ ಆ ಹುಡುಗಿಗೆ ಆ ಮೆತ್ತಗಿನ ದನಿಯವನು ಕರೆ ಮಾಡಿ ಊಟ ಆಯ್ತಾಮ್ಮ ಎಂದು ಕೇಳುವುದನ್ನು ನೆನೆಸಿಕೊಂಡಳು.

ಬುಧವಾರ ಗಂಡನನ್ನೂ ಮಗಳನ್ನೂ ಕರೆದುಕೊಂಡು ಶಿರಾ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಮೂವರು ಅವಳನ್ನು ಗುರುತು ಹಿಡಿದರು, ಒಬ್ಬ ಫೋನು ಎತ್ತಿದ. ಸಹನಾ ಎದ್ದು ತಾಯಿಗೆ ಅಡ್ಡವಾಗಿ ನಿಂತಳು, ಶಿರಾ ಬರುವವರೆಗೂ ಕೂರಲಿಲ್ಲ. ಸ್ಟೇಷನ್ನಿನಲ್ಲಿ ಹೆಂಗಸು ಹೆಡ್ ಕಾನ್‌ಸ್ಟೇಬಲ್ ಒಬ್ಬರು ದೂರು ಬರೆದುಕೊಂಡರು. ಬಂದ ಕರೆಗಳ ನಂಬರುಗಳನ್ನು ಸಹನಾ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು, ಅದನ್ನೂ ತಗೊಂಡರು. ಪ್ರಭುದೇವ್‌ನನ್ನು ಕರೆಸಿದರು. ಅವನು ಬೆವರು ಒರೆಸಿಕೊಳ್ಳುತ್ತಾ ಬಂದ.

"ಪೂರ್ತಿ ವಿಡಿಯೋ ಇದ್ಯಂತಲ್ಲ," ಎಂದರು ಕಾನ್‌ಸ್ಟೇಬಲ್. "ಅದನ್ನೇ ಹಾಕ್ಸಿದ್ರೆ ನಿಮ್ಮ ಹೆಸರು ನೆಟ್ಟಗಾಗುತ್ತಲ್ಲಮ್ಮ?"

ಸಹನಾ ತಾಯಿಯ ಕೈ ಹಿಸುಕಿದಳು. ಗಂಗಾಂಬಿಕಾ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಬ್ಯಾಡ ಮೇಡಂ. ಅದ್ರಲ್ಲಿ ಇನ್ನೊಂದು ಹೆಣ್ಣುಮಗಳು ಅವ್ಳೆ. ಅದು ಎಲ್ಲೂ ಹೋಗ್ದಂಗೆ ಮಾಡಿ. ಇದ್ನ ತೆಗೆಸಿ, ಸಾಕು."

ಎರಡನ್ನೂ ಅಳಿಸಿದರು. ಪ್ರಭುದೇವ್ ಬರೆದುಕೊಟ್ಟು ಸಹಿ ಹಾಕಿದ. ಅಷ್ಟರಲ್ಲಿ ಆ ಮೂವತ್ತೆಂಟು ಸೆಕೆಂಡು ಎಷ್ಟು ಫೋನುಗಳಿಗೆ ಹೋಗಿತ್ತೋ ಬಲ್ಲವರಿಲ್ಲ. ಅಲ್ಲೆಲ್ಲ ಹೋಗಿ ಅಳಿಸುವ ಪೊಲೀಸು ಯಾವ ಊರಿನಲ್ಲೂ ಇಲ್ಲ. ಮೆತ್ತಗಿನ ದನಿಯ ನಂಬರು ಬೇರೆ ಯಾರದೋ ಹೆಸರಿನಲ್ಲಿತ್ತು. ಅವನು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಸ್ಟೇಷನ್ನಿನಲ್ಲಿ ನಡೆದದ್ದನ್ನು ಆಶಾರಾಣಿಗೆ ಹೇಳಿದವಳು ಸಹನಾ. ಆಶಾರಾಣಿ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲವಂತೆ. ಮೂರನೆಯ ದಿನ ತಾನೇ ಗಂಡನನ್ನು ಕೂರಿಸಿ ಹೇಳಿದಳು. ಅವನು ಊಟ ಬಿಟ್ಟು ಎದ್ದುಹೋದ, ಮರುದಿನ ಬಂದ, ಬಂದು ಏನೂ ಅನ್ನಲಿಲ್ಲ. ಆ ಭಾನುವಾರ ಶಾಲೆಯ ಜಗಲಿಯಲ್ಲಿ ಸಂಘದ ಹೆಂಗಸರು ಸೇರಿದಾಗ ಆಶಾರಾಣಿ ಒಂದು ಬುಟ್ಟಿ ತಂದು ನಡುವೆ ಇಟ್ಟಳು.

"ಎಲ್ಲಾರೂ ಫೋನು ಇದ್ರಲ್ಲಿ ಹಾಕಿ. ಒಂದು ಮಾತು ಹೇಳ್ಬೇಕು."

ಫೋನುಗಳು ಬುಟ್ಟಿಗೆ ಬಿದ್ದವು. ಅವಳು ನಿಂತುಕೊಂಡು, ಲಕ್ಷ್ಮೀಪತಿ ಹಿಡಿದ ರಟ್ಟೆಯನ್ನೇ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಗುರುವಾರ ನಡೆದದ್ದನ್ನು ಮೊದಲಿನಿಂದ ಹೇಳಿದಳು. ಎರಡು ಸಲ ಮಾತು ನಿಲ್ಲಿಸಿ ಮತ್ತೆ ಶುರುಮಾಡಿದಳು. ಇಪ್ಪತ್ತೊಂದು ಹೆಂಗಸರು ಅವಳ ಮುಖ ನೋಡುತ್ತಾ ಕೇಳಿದರು. ಲಕ್ಷ್ಮೀಪತಿಯ ತಾಯಿಯೂ ಆ ಸಂಘದಲ್ಲೇ ಇದ್ದಳು. ಅವಳು ನಡುವೆ ಎದ್ದು, ಸೆರಗು ಹೊದ್ದು, ಬುಟ್ಟಿಯಿಂದ ತನ್ನ ಫೋನು ಹೆಕ್ಕಿಕೊಂಡು ಹೊರಟುಹೋದಳು. ಮಾತು ಮುಗಿದ ಮೇಲೆ ಒಬ್ಬಳು ಗಂಗಾಂಬಿಕಾಳ ಹತ್ತಿರ ಬಂದು ಕೂತಳು. ಆ ಶುಕ್ರವಾರ ಬಕೆಟ್ಟಿಟ್ಟು ಒಳಗೆ ಹೋಗಿದ್ದವಳೇ.

"ನಾನೂ ನೋಡ್ದೆ ಕಣಮ್ಮ ಅದ್ನ," ಎಂದಳು. "ನೋಡಿ ನಕ್ಬುಟ್ಟೆ."

"ನಕ್ಕಿದ್ದು ಗೊತ್ತು ಬುಡು," ಎಂದಳು ಗಂಗಾಂಬಿಕಾ. ತಾನು ಒಂದು ಕಾಲದಲ್ಲಿ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದನ್ನು ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಮರುವಾರ ಪಂಚಾಯಿತಿಯವರು ಗಾಡಿಯ ಬಾಗಿಲಿನಿಂದ ಅವಳ ನಂಬರು ಅಳಿಸಿ ಆಫೀಸಿನ ನಂಬರು ಬರೆಸಿದರು. ಹೆಸರನ್ನೂ ಅಳಿಸಬೇಕಾ ಎಂದು ಕೇಳಿದರು. ಅವಳು ಎರಡು ದಿನ ಯೋಚಿಸಿ, ಇರಲಿ ಎಂದಳು. ಸಹನಾ ಮತ್ತೆ ಬಸ್ಸು ಹತ್ತಿದಳು, ನರಸಿಂಹರಾಜು ಮಿಲ್ಲಿಗೆ ಅರ್ಧ ಗಂಟೆ ತಡವಾಗಿ ಹೋಗುತ್ತಾ ದಿನವೂ ಅವಳನ್ನು ಹತ್ತಿಸಿ ಬರತೊಡಗಿದ.

ಮತ್ತೆ ಗಾಡಿ ತೆಗೆದ ಮೊದಲ ದಿನ ಗಂಗಾಂಬಿಕಾಳ ಅಂಗೈ ಬೆವರಿ ಸ್ಟೇರಿಂಗು ಜಾರುತ್ತಿತ್ತು. ಬೀದಿ ಬೀದಿಗೂ ಹೆಂಗಸರು ಬಕೆಟ್ಟು ಹಿಡಿದು ಹೊರಗೆ ಬಂದರು, ಕೆಲವರು ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ನಿಂತು ಮಾತಾಡಿದರು. ಲಕ್ಷ್ಮೀಪತಿಯ ತಾಯಿಯೂ ಬಂದಳು, ಮುಖ ನೋಡದೆ ಕಸ ಸುರಿದು ಹೋದಳು. ಎರಡು ಮನೆಯವರು ಬರಲೇ ಇಲ್ಲ. ಊರಾಚೆ ಕಸ ಸುರಿಯುವ ಜಾಗಕ್ಕೆ ಹೋಗುವ ಒಂಟಿ ದಾರಿಯಲ್ಲಿ ಒಂದು ಬೈಕು ಹಿಂದೆಯೇ ಬರತೊಡಗಿತು. ಮುಂದೆ ಹೋಗುವುದೂ ಇಲ್ಲ, ಹಿಂದೆ ಬೀಳುವುದೂ ಇಲ್ಲ.

"ಅಕ್ಕಾ, ಯಾರೋ ಬತ್ತಾವ್ನೆ," ಎಂದಳು ಹಿಂದೆ ನಿಂತಿದ್ದ ಆಶಾರಾಣಿ.

"ನೋಡ್ದೆ."

ಗಂಗಾಂಬಿಕಾ ಕನ್ನಡಿಯಿಂದ ಕಣ್ಣು ತೆಗೆಯದೆ, ಎರಡನೆಯ ಗೇರಿನಲ್ಲಿ, ಹೊಂಗೆ ಮರಗಳವರೆಗೆ ಓಡಿಸಿದಳು. ಅಲ್ಲಿ ದಾರಿ ಅಗಲವಾಗುತ್ತದೆ. ಬೈಕಿನವನು ಹಾರ್ನು ಹೊಡೆದು ಪಕ್ಕದಿಂದ ಮುಂದೆ ಹೋದ. ಹಾಲಿನ ಕ್ಯಾನು ಕಟ್ಟಿಕೊಂಡ ಯಾರೋ ಮುದುಕ. ತಿರುಗಿಯೂ ನೋಡಲಿಲ್ಲ.

ಅವಳು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಸ್ವಲ್ಪ ಹೊತ್ತು ಕೂತಳು. ಆಶಾರಾಣಿ ಇಳಿದು ಬಂದು ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟಳು. ಕುಡಿದು, ಸೆರಗಿನಿಂದ ಅಂಗೈ ಒರೆಸಿಕೊಂಡು, ಗಂಗಾಂಬಿಕಾ ಮತ್ತೆ ಗೇರು ಹಾಕಿದಳು.